ಸ್ಟೇಕ್ ಲ್ಯಾಂಡ್: ಹಾಸಿಗೆ ಇದ್ದಷ್ಟೇ ಕಾಲು ಚಾಚಿದ ಪ್ರಳಯ

ಲೋಕ ಮುಗಿದ ಮೇಲಿನ ಕತೆಯನ್ನು ಹೇಳಹೊರಟ ಸಿನಿಮಾದವರಿಗೆ ಮೊದಲು ಎದುರಾಗುವುದು ಲೆಕ್ಕದ ಪುಸ್ತಕ. ಕುಸಿಯುವ ಗೋಪುರಗಳು, ಹೊತ್ತಿ ಉರಿಯುವ ಸೇತುವೆಗಳು, ಸಾವಿರಾರು ಜನ ದಿಕ್ಕಾಪಾಲಾಗಿ ಓಡುವ ಬೀದಿಗಳು, ಇವೆಲ್ಲ ದುಡ್ಡಿದ್ದವರ ಪ್ರಳಯ. ಜಿಮ್ ಮಿಕಲ್ ನಿರ್ದೇಶಿಸಿದ 2010ರ ‘ಸ್ಟೇಕ್ ಲ್ಯಾಂಡ್’ ಹತ್ತು ಲಕ್ಷ ಡಾಲರಿಗೂ ಕಡಿಮೆ ಹಣದಲ್ಲಿ ಅಮೆರಿಕವನ್ನು ಮುಗಿಸಿಬಿಡುತ್ತದೆ. ಅದನ್ನು ಹೇಗೆ ಮುಗಿಸುತ್ತದೆ ಎನ್ನುವುದೇ ನನ್ನ ಮಟ್ಟಿಗೆ ಈ ಚಿತ್ರದ ದೊಡ್ಡ ಆಕರ್ಷಣೆ. ರಾಜಧಾನಿ ವಾಷಿಂಗ್ಟನ್ ಬಿದ್ದುಹೋಯಿತು ಎಂಬ ಸಂಗತಿ ನಮಗೆ ಒಬ್ಬ ಹುಡುಗನ ಬಾಯಿಂದ, ಊರಿನ ಸುದ್ದಿ ಹೇಳುವ ಧಾಟಿಯಲ್ಲಿ ಬಂದು ತಲುಪುತ್ತದೆ. ಬಿದ್ದದ್ದನ್ನು ನಾವು ನೋಡುವುದೇ ಇಲ್ಲ. ನೋಡುವುದು ಖಾಲಿ ರಸ್ತೆ, ಗಾಜು ಒಡೆದ ಅಂಗಡಿ, ಯಾರೋ ಬಿಟ್ಟುಹೋದ ಮನೆ, ಆ ಮನೆಯ ಮೇಲೆ ಇಳಿಯುತ್ತಿರುವ ಸಂಜೆ. ಅಷ್ಟರಿಂದಲೇ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

98 ನಿಮಿಷಗಳ ಈ ಚಿತ್ರವನ್ನು ನಾನು ಮೂರು ಸಲ ನೋಡಿದ್ದೇನೆ. ಮೊದಲ ಸಲ ಒಂದು ಸ್ಟ್ರೀಮಿಂಗ್ ಸೇವೆಯಲ್ಲಿ, ಎರಡನೆಯ ಮತ್ತು ಮೂರನೆಯ ಸಲ ಗೆಳೆಯನಿಂದ ಎರವಲು ತಂದ ಡಿಸ್ಕಿನಲ್ಲಿ. ಈ ವ್ಯತ್ಯಾಸವನ್ನು ಆಮೇಲೆ ಹೇಳುತ್ತೇನೆ, ಏಕೆಂದರೆ ಮುಕ್ಕಾಲು ಪಾಲು ಕತ್ತಲೆಯಲ್ಲೇ ನಡೆಯುವ ಇಂಥ ಚಿತ್ರಕ್ಕೆ ನಾವು ಯಾವ ಪರದೆಯಲ್ಲಿ, ಯಾವ ಗುಣಮಟ್ಟದಲ್ಲಿ ನೋಡುತ್ತೇವೆ ಎನ್ನುವುದು ಸಣ್ಣ ಮಾತಲ್ಲ.

ಕತೆ ಸರಳವಾಗಿದೆ. ವ್ಯಾಂಪೈರ್‌ಗಳ ಪಿಡುಗು ದೇಶವನ್ನೆಲ್ಲ ಆವರಿಸಿದೆ. ಮಾರ್ಟಿನ್ ಎಂಬ ಹದಿಹರೆಯದ ಹುಡುಗನ ಇಡೀ ಕುಟುಂಬ ಒಂದೇ ರಾತ್ರಿಯಲ್ಲಿ ಅದಕ್ಕೆ ಬಲಿಯಾಗುತ್ತದೆ, ಅವನನ್ನು ಮಾತ್ರ ಒಬ್ಬ ಬೇಟೆಗಾರ ಉಳಿಸುತ್ತಾನೆ. ಆ ಬೇಟೆಗಾರನಿಗೆ ಹೆಸರಿಲ್ಲ. ಹುಡುಗ ಅವನನ್ನು ‘ಮಿಸ್ಟರ್’ ಎಂದು ಕರೆಯುತ್ತಾನೆ, ಪ್ರೇಕ್ಷಕರೂ ಹಾಗೆಯೇ ಕರೆಯಬೇಕು. ಇಬ್ಬರೂ ಒಂದು ಹಳೆಯ ಕಾರಿನಲ್ಲಿ ಉತ್ತರಕ್ಕೆ, ಕೆನಡಾದ ಕಡೆಗೆ, ‘ನ್ಯೂ ಈಡನ್’ ಎಂದು ಜನ ಹೇಳಿಕೊಳ್ಳುವ ಸುರಕ್ಷಿತ ನೆಲೆಯನ್ನು ಹುಡುಕಿಕೊಂಡು ಹೊರಡುತ್ತಾರೆ. ದಾರಿಯಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿ, ಹೆಂಡದಂಗಡಿಯಲ್ಲಿ ಹಾಡುವ ಬಸುರಿ ಹುಡುಗಿ ಬೆಲ್, ಹೊಲಸು ನಾರುವ ಸಂಚಾರಿ ಶೌಚಾಲಯವೊಂದರಲ್ಲಿ ಅಡಗಿ ಕುಳಿತಿದ್ದ ಮಾಜಿ ಸೈನಿಕ ವಿಲ್ಲಿ ಸೇರಿಕೊಳ್ಳುತ್ತಾರೆ. ಒಂದು ಮನೆ ಕಳೆದುಕೊಂಡವರು ದಾರಿಯಲ್ಲಿ ಇನ್ನೊಂದು ಮನೆ ಕಟ್ಟಿಕೊಳ್ಳುತ್ತಾರೆ, ಅದನ್ನೂ ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತಾರೆ. ಇದಕ್ಕಿಂತ ಹೆಚ್ಚು ಹೇಳಿದರೆ ನೋಡದವರಿಗೆ ಅನ್ಯಾಯವಾಗುತ್ತದೆ.

‘ವ್ಯಾಂಪೈರ್’ ಎಂಬ ಪದಕ್ಕೆ ಕನ್ನಡದಲ್ಲಿ ‘ರಕ್ತಪಿಶಾಚಿ’ ಎಂದು ಬರೆಯುವುದು ರೂಢಿ. ಈ ಚಿತ್ರದ ಬಗ್ಗೆ ಬರೆಯುವಾಗ ಆ ಪದವನ್ನು ಬಳಸಲು ನನಗೆ ಮನಸ್ಸಾಗಲಿಲ್ಲ. ನಮ್ಮ ಪಿಶಾಚಿಗೆ ತನ್ನದೆನ್ನುವ ಮೈ ಇಲ್ಲ. ಅದು ಇನ್ನೊಬ್ಬರ ಮೈಮೇಲೆ ಬರಬೇಕು, ಹುಣಸೆಮರದಲ್ಲಿ ನೇತಾಡಬೇಕು, ಮಂತ್ರಕ್ಕೆ ಹೆದರಬೇಕು. ಮಿಕಲ್ ತೋರಿಸುವ ವ್ಯಾಂಪೈರ್‌ಗಳಿಗೆ ಮೈಯೇ ಎಲ್ಲ. ಅವುಗಳಿಗೆ ಭಾರವಿದೆ, ವಾಸನೆಯಿದೆ, ಕೊಳೆತ ಚರ್ಮವಿದೆ, ಎಳೆದರೆ ಕಿತ್ತುಬರುವ ಕೋರೆಹಲ್ಲುಗಳಿವೆ. ರೇಷ್ಮೆಯ ಅಂಗಿ ತೊಟ್ಟು ಕಿವಿಯಲ್ಲಿ ಪಿಸುಗುಟ್ಟುವ ಸುಂದರಾಂಗರು ಇವರಲ್ಲ. ಮಾತೇ ಬರದ, ಹಸಿವಿನ ಹೊರತು ಬೇರೆ ನೆನಪಿಲ್ಲದ ಜೀವಿಗಳು ಇವು. ಬ್ರಿಯಾನ್ ಸ್ಪಿಯರ್ಸ್ ಮತ್ತು ಪೀಟ್ ಗರ್ನರ್ ಅವರ ಮೇಕಪ್ ಕೈಚಳಕ ಇಲ್ಲಿ ಕಂಪ್ಯೂಟರಿನ ಗ್ರಾಫಿಕ್ಸಿಗಿಂತ ಹೆಚ್ಚು ಕೆಲಸ ಮಾಡಿದೆ. ರಬ್ಬರ್, ಬಣ್ಣ, ಅಂಟು ದ್ರವಗಳಿಂದ ಮಾಡಿದ ಮುಖ ನಟನ ಮುಖದ ಪಕ್ಕದಲ್ಲೇ ನಿಂತು ಅದೇ ಬೆಳಕನ್ನು ಹಂಚಿಕೊಳ್ಳುವುದರಿಂದ ಹುಟ್ಟುವ ನಂಬಿಕೆ ಬೇರೆಯದೇ.

ಇನ್ನೊಂದು ಜಾಣತನವೆಂದರೆ ಈ ಪ್ರಾಣಿಗಳಲ್ಲಿ ಜಾತಿಗಳಿವೆ. ಹೊಸದಾಗಿ ಕಚ್ಚಿಸಿಕೊಂಡವುಗಳ ಎದೆಗೆ ಗೂಟ ಇಳಿಸಿದರೆ ಸಾಕು. ಹಳೆಯವುಗಳ, ಅಂದರೆ ಚಿತ್ರದ ಮಾತಿನಲ್ಲಿ ‘ಬರ್ಸರ್ಕರ್’ಗಳ, ಎದೆಯ ಎಲುಬು ಗಟ್ಟಿಯಾಗಿ ಗುರಾಣಿಯಂತಾಗಿರುವುದರಿಂದ ಅಲ್ಲಿ ಗೂಟ ಇಳಿಯುವುದಿಲ್ಲ, ಹಿಂದಿನಿಂದ ಹೋಗಿ ತಲೆಬುರುಡೆಯ ಬುಡಕ್ಕೆ ಚುಚ್ಚಬೇಕು. ಮಕ್ಕಳಾಗಿದ್ದಾಗಲೇ ಕಚ್ಚಿಸಿಕೊಂಡವು ‘ಸ್ಕ್ಯಾಂಪ್’ಗಳು. ಈ ನಿಯಮಗಳನ್ನು ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ಮಿಸ್ಟರ್ ಹುಡುಗನಿಗೆ ಗೂಟ ಹಿಡಿಯುವುದನ್ನು ಕಲಿಸುವಾಗ, ಬೈಯುವಾಗ, ಮತ್ತೆ ಮಾಡಿಸುವಾಗ ನಮಗೂ ಅವು ಗೊತ್ತಾಗುತ್ತವೆ. ಮೇಸ್ತ್ರಿ ಶಿಷ್ಯನಿಗೆ ಕೆಲಸ ಕಲಿಸುವ ಹಾಗೆಯೇ ಇದೆ ಆ ಪಾಠ. ಕೊಂದ ವ್ಯಾಂಪೈರಿನ ಕೋರೆಹಲ್ಲನ್ನು ಕಿತ್ತು ಇಟ್ಟುಕೊಳ್ಳುವುದೂ ಆ ಕೆಲಸದ ಭಾಗ, ಏಕೆಂದರೆ ಡಾಲರಿಗೆ ಬೆಲೆ ಹೋದ ಆ ಲೋಕದಲ್ಲಿ ಕೊಡುಕೊಳ್ಳುವಿಕೆಗೆ ಹಲ್ಲೇ ನಾಣ್ಯ. ಸರ್ಕಾರ ಹೋಗಿದೆ, ಬ್ಯಾಂಕು ಹೋಗಿದೆ, ಸಂತೆ ಮಾತ್ರ ಉಳಿದಿದೆ ಎಂಬುದನ್ನು ಒಂದು ಹಿಡಿ ಹಲ್ಲಿನಲ್ಲಿ ಹೇಳಿ ಮುಗಿಸಿದ್ದಾರೆ.

ಆರಂಭದ ಕೊಟ್ಟಿಗೆಯ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾರ್ಟಿನ್ನನ ಮನೆಯವರು ರಾತ್ರಿ ಹೊರಡುವ ಸಿದ್ಧತೆಯಲ್ಲಿದ್ದಾರೆ. ಮಿಸ್ಟರ್ ಹುಡುಗನನ್ನು ಎಳೆದು ಕೆಳಗೆ ಕೆಡವುವ ಹೊತ್ತಿಗೆ ಒಳಗೆ ಆಗಬಾರದ್ದು ಆಗಿಹೋಗಿದೆ. ಕಣ್ಣು ಮೇಲೆ ಹೋಗುತ್ತದೆ. ಮಾಡಿನ ತೊಲೆಯ ಮೇಲೆ ಅದು ಕುಳಿತಿದೆ, ಅದರ ಕೈಯಲ್ಲಿ ಮನೆಯ ಕೂಸಿದೆ. ಮುಂದೆ ಆಗುವುದನ್ನು ಕ್ಯಾಮೆರಾ ಅತಿ ಕಡಿಮೆ ಹೊತ್ತು ತೋರಿಸುತ್ತದೆ, ಸಂಗೀತದ ಅಬ್ಬರವನ್ನೂ ಹಾಕುವುದಿಲ್ಲ. ದೊಡ್ಡ ಸಂಸ್ಥೆಗಳ ಚಿತ್ರಗಳಲ್ಲಿ ಎಳೆಗೂಸು ಯಾವಾಗಲೂ ಬದುಕುಳಿಯುತ್ತದೆ ಎಂಬ ಒಪ್ಪಂದ ಪ್ರೇಕ್ಷಕನಿಗೂ ನಿರ್ಮಾಪಕನಿಗೂ ನಡುವೆ ಇರುತ್ತದೆ. ಚಿತ್ರ ಶುರುವಾದ ಕೆಲವೇ ನಿಮಿಷಗಳಲ್ಲಿ ಮಿಕಲ್ ಆ ಒಪ್ಪಂದದ ಕಾಗದವನ್ನು ಹರಿದು ಹಾಕುತ್ತಾರೆ. ಆಮೇಲೆ ಪರದೆಯ ಮೇಲೆ ಯಾರೇ ಬಂದರೂ, ಎಷ್ಟೇ ಹೆಸರಾಂತ ನಟರಾದರೂ, ಇವರು ಕೊನೆಯವರೆಗೆ ಇರುತ್ತಾರೆ ಎಂದು ನಾವು ನಂಬುವುದಿಲ್ಲ. ಒಂದು ರೂಪಾಯಿಯ ಗ್ರಾಫಿಕ್ಸ್ ಇಲ್ಲದೆ ಇಡೀ ಚಿತ್ರಕ್ಕೆ ಬೇಕಾಗುವಷ್ಟು ಭಯವನ್ನು ಮುಂಗಡವಾಗಿ ಸಂಪಾದಿಸಿಕೊಂಡ ಬಗೆ ಇದು. ಮಕ್ಕಳಿಗೆ ಕೆಡುಕಾಗುವುದನ್ನು ನೋಡಲಾಗದವರು ಇಲ್ಲಿಂದಲೇ ಎದ್ದುಹೋಗುವುದು ಒಳ್ಳೆಯದು. ಹೆಂಗಸಿನ ಮೇಲಿನ ಅತ್ಯಾಚಾರದ ಸೂಚನೆಯೂ ಮುಂದೆ ಇದೆ, ಅದನ್ನು ಸಹ ತಿಳಿಸಿಬಿಡುತ್ತೇನೆ.

ಚಿತ್ರೀಕರಣ ನಡೆದದ್ದು ಪೆನ್ಸಿಲ್ವೇನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳಲ್ಲಿ. ಮಿಕಲ್ ಪೆನ್ಸಿಲ್ವೇನಿಯಾದ ಪಾಟ್ಸ್‌ಟೌನ್‌ನವರು. ತಮಗೆ ಗೊತ್ತಿರುವ ಸೀಮೆಯನ್ನು ಚಿತ್ರೀಕರಿಸುವವರ ಆತ್ಮವಿಶ್ವಾಸ ಪ್ರತಿ ಚೌಕಟ್ಟಿನಲ್ಲೂ ಕಾಣುತ್ತದೆ. 2008ರ ಆರ್ಥಿಕ ಕುಸಿತದ ಬೆನ್ನಿಗೇ ತಯಾರಾದ ಚಿತ್ರ ಇದು. ಬಾಗಿಲು ಹಾಕಿದ ಕಾರ್ಖಾನೆ, ತುಕ್ಕು ಹಿಡಿದ ಕಬ್ಬಿಣ, ಬಣ್ಣ ಕಳೆದುಕೊಂಡ ಮನೆಗಳ ಸಾಲು, ಇವನ್ನು ಸೆಟ್ ಹಾಕಿ ಮಾಡಿದ್ದೆಂದು ಎಲ್ಲಿಯೂ ಅನ್ನಿಸುವುದಿಲ್ಲ. ಬೇರೆಯವರು ಸ್ಟುಡಿಯೋದಲ್ಲಿ ಕೋಟಿಗಟ್ಟಲೆ ಸುರಿದು ಕಟ್ಟುವ ಪಾಳು ಇಲ್ಲಿ ದಾರಿಬದಿಯಲ್ಲಿ ಸಿಕ್ಕಿದೆ. ಛಾಯಾಗ್ರಾಹಕ ರಯಾನ್ ಸಾಮುಲ್ ಅದನ್ನು ಹಿಡಿದಿರುವ ರೀತಿ ಹೊಗಳಿಕೆಗೆ ಅರ್ಹ. ಮಂಜು ಕವಿದ ಹೊಲ, ಸಂಜೆಯ ತಾಮ್ರದ ಬೆಳಕು, ಎಲೆ ಉದುರುವ ಕಾಡು, ಕೊನೆಗೆ ಹಿಮ. ಕತೆಯಲ್ಲಿ ಋತು ಬದಲಾಗುತ್ತಾ ಹೋಗುವುದರಿಂದ ಪಯಣ ನಿಜವಾಗಿಯೂ ತಿಂಗಳುಗಟ್ಟಲೆ ನಡೆದಂತೆ ಮೈಗೆ ತಟ್ಟುತ್ತದೆ. ಪಾತ್ರಗಳ ಬಟ್ಟೆ ದಪ್ಪವಾಗುತ್ತದೆ, ಮುಖ ಬತ್ತುತ್ತದೆ, ಕಾರು ಕೈಕೊಟ್ಟ ಮೇಲೆ ನಡಿಗೆ ಶುರುವಾಗುತ್ತದೆ. ಜೆಫ್ ಗ್ರೇಸ್ ಅವರ ಸಂಗೀತ ಈ ನಡಿಗೆಗೆ ಹೊಂದಿಕೊಂಡಿದೆ. ಭಯಾನಕ ಚಿತ್ರಗಳಲ್ಲಿ ಸಾಮಾನ್ಯವಾದ, ಹಿಂದಿನಿಂದ ಬಂದು ಬೆನ್ನಿಗೆ ಹೊಡೆಯುವ ಸದ್ದುಗಳ ಬದಲಿಗೆ ಶೋಕಗೀತೆಯಂಥ ಸಂಗೀತ ಇಲ್ಲಿ ಹೆಚ್ಚು ಕೇಳಿಸುತ್ತದೆ.

ನಟರ ಆಯ್ಕೆಯಲ್ಲಿಯೂ ಇದೇ ಮಿತವ್ಯಯದ ಬುದ್ಧಿ ಇದೆ. ಮಿಸ್ಟರ್ ಪಾತ್ರ ಮಾಡಿರುವ ನಿಕ್ ಡಮೀಚಿ ಮಿಕಲ್ ಜತೆ ಚಿತ್ರಕತೆಯನ್ನೂ ಬರೆದವರು. ಇಬ್ಬರೂ ಸೇರಿ ಇದಕ್ಕೆ ಮೊದಲು, 2006ರಲ್ಲಿ, ಮ್ಯಾನ್‌ಹ್ಯಾಟನ್ನಿನ ಒಂದು ಹಳೆಯ ವಠಾರದಲ್ಲಿ ಇಲಿಗಳಿಂದ ಹರಡುವ ಸೋಂಕಿನ ಕತೆಯನ್ನು ಇನ್ನೂ ಕಡಿಮೆ ದುಡ್ಡಿನಲ್ಲಿ ಮಾಡಿದ್ದರು. ಡಮೀಚಿಯ ಮುಖದಲ್ಲಿ ಬೇಸಾಯಗಾರನ ಆಯಾಸವಿದೆ, ಮಾತು ಎಣಿಸಿದಷ್ಟು. ಮಾರ್ಟಿನ್ ಆಗಿ ಕಾನರ್ ಪಾವೊಲೊ ಕಣ್ಣಲ್ಲೇ ಬೆಳೆಯುತ್ತಾ ಹೋಗುತ್ತಾನೆ. ಸನ್ಯಾಸಿನಿಯಾಗಿ ಕೆಲ್ಲಿ ಮೆಕ್‌ಗಿಲಿಸ್ ಅವರನ್ನು ಕಂಡು ನನಗೆ ಗುರುತೇ ಹತ್ತಲಿಲ್ಲ. 1986ರಲ್ಲಿ ಟಾಮ್ ಕ್ರೂಸ್ ಎದುರು ನೌಕಾಪಡೆಯ ಯುದ್ಧವಿಮಾನ ಚಾಲಕರ ಚಿತ್ರ ‘ಟಾಪ್ ಗನ್’ನಲ್ಲಿ ಮಿಂಚಿದ್ದ ನಾಯಕಿ ಇಲ್ಲಿ ಬಣ್ಣವಿಲ್ಲದ ಮುಖ, ನರೆಗೂದಲು, ಹರಿದ ಉಡುಪಿನಲ್ಲಿ ಬರುತ್ತಾರೆ. ಇಡೀ ಚಿತ್ರದ ಅತ್ಯುತ್ತಮ ಅಭಿನಯ ಅವರದು. ದೇವರನ್ನು ನಂಬಿದವಳೊಬ್ಬಳು ದೇವರ ಹೆಸರಿನಲ್ಲೇ ನಡೆಯುವ ಹಿಂಸೆಯ ನಡುವೆ ತನ್ನ ಪ್ರಾರ್ಥನೆಯನ್ನು ಹೇಗೆ ಉಳಿಸಿಕೊಳ್ಳುತ್ತಾಳೆ ಎಂಬುದನ್ನು ಅವರು ಮಾತಿಗಿಂತ ಮೌನದಲ್ಲಿ ತೋರಿಸಿದ್ದಾರೆ. ಬೆಲ್ ಪಾತ್ರದ ಡೇನಿಯಲ್ ಹ್ಯಾರಿಸ್ ಎಂಬತ್ತರ ದಶಕದ ಕೊನೆಯಲ್ಲಿ ಬಾಲನಟಿಯಾಗಿ ಹಾರರ್ ಪ್ರಿಯರಿಗೆ ಪರಿಚಿತರಾದವರು. ಅವರಿಗೆ ಇಲ್ಲಿ ಕೆಲಸ ಕಡಿಮೆ. ಹೆಂಡದಂಗಡಿಯಲ್ಲಿ ಸುರಿಯುವವನಾಗಿ ಒಂದು ಗಳಿಗೆ ಕಾಣಿಸಿಕೊಳ್ಳುವ ಲ್ಯಾರಿ ಫೆಸೆಂಡನ್ ಈ ಚಿತ್ರದ ನಿರ್ಮಾಪಕರಲ್ಲಿ ಒಬ್ಬರು. ನ್ಯೂಯಾರ್ಕಿನ ಅವರ ಗ್ಲಾಸ್ ಐ ಪಿಕ್ಸ್ ಸಂಸ್ಥೆ ಇಂಥ ಸಣ್ಣ ಬಂಡವಾಳದ ಹಾರರ್ ಚಿತ್ರಗಳಿಗೆ ನೆರಳು ಕೊಟ್ಟ ಮರ ಎಂದೇ ಹೇಳಬೇಕು.

ಈ ಚಿತ್ರದಲ್ಲಿ ವ್ಯಾಂಪೈರ್‌ಗಳಿಗಿಂತ ಹೆಚ್ಚು ಹೆದರಿಸುವವರು ‘ಬ್ರದರ್‌ಹುಡ್’ ಎಂಬ ಧರ್ಮಾಂಧರ ಪಡೆ. ಪಿಡುಗು ದೇವರೇ ಕಳಿಸಿದ ಶುದ್ಧೀಕರಣ ಎಂದು ನಂಬಿರುವ ಇವರು ಹೆದ್ದಾರಿಗಳನ್ನು ಹಿಡಿದುಕೊಂಡು, ತಮಗೆ ಒಪ್ಪಿಗೆಯಾಗದವರನ್ನು ರಾತ್ರಿಯ ಹೊತ್ತು ಬಯಲಲ್ಲಿ ಬಿಟ್ಟುಬರುತ್ತಾರೆ. ‘ಜೊಂಬಿಗಿಂತ ಮನುಷ್ಯನೇ ಕ್ರೂರಿ’ ಎನ್ನುವ ಮಾತು ಈ ಪ್ರಕಾರದಲ್ಲಿ ಸವೆದು ಹೋದ ನಾಣ್ಯ ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಇಲ್ಲಿ ಅದು ಚಲಾವಣೆಯಾಗುವುದಕ್ಕೆ ಕಾರಣವಾಗುವ ಒಂದು ದೃಶ್ಯವಿದೆ. ಬೇಲಿ ಹಾಕಿಕೊಂಡು ಬದುಕುತ್ತಿರುವ ಒಂದು ಊರು. ಇರುಳು. ದೀಪಗಳನ್ನು ಕಟ್ಟಿದ್ದಾರೆ, ಹಾಡು ನಡೆದಿದೆ, ಜನ ಜೋಡಿಯಾಗಿ ಕುಣಿಯುತ್ತಿದ್ದಾರೆ. ಬಹಳ ದಿನಗಳ ಮೇಲೆ ನಮ್ಮ ಪಯಣಿಗರ ಮುಖದಲ್ಲಿಯೂ ನಗು ಕಾಣುತ್ತದೆ. ಆಗ ಮೇಲಿನಿಂದ ಹೆಲಿಕಾಪ್ಟರಿನ ಸದ್ದು. ಬೇಲಿ ಎಷ್ಟು ಎತ್ತರವಿದ್ದರೇನು, ವ್ಯಾಂಪೈರ್‌ಗಳು ಆಕಾಶದಿಂದಲೇ ಊರಿನ ನಡುವೆ ದೊಪ್ಪನೆ ಬೀಳುತ್ತವೆ. ಬ್ರದರ್‌ಹುಡ್‌ನವರು ಅವುಗಳನ್ನು ಬಾಂಬಿನಂತೆ ಸುರಿಯುತ್ತಿದ್ದಾರೆ. ಕ್ಯಾಮೆರಾ ಎಲ್ಲಿಯೂ ತುಂಡಾಗದಂತೆ ಗಲಭೆಯ ನಡುವೆಯೇ ಸುತ್ತುತ್ತದೆ. ಕುಣಿಯುತ್ತಿದ್ದವರು ಓಡುವವರಾಗುತ್ತಾರೆ, ಓಡುವವರು ಬೀಳುವವರಾಗುತ್ತಾರೆ, ಹಾಡು ನಿಲ್ಲುವುದನ್ನೂ ನಾವು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇವೆ. ಇಂಥ ದೃಶ್ಯವನ್ನು ತುಂಡು ತುಂಡಾಗಿ ಹೊಲಿದಿದ್ದರೆ ಜನರ ಸಂಖ್ಯೆ ಸಣ್ಣದೆಂಬ ಗುಟ್ಟು ರಟ್ಟಾಗುತ್ತಿತ್ತೋ ಏನೋ. ಒಂದೇ ಉಸಿರಿನಲ್ಲಿ ತೋರಿಸಿದ್ದರಿಂದ ಬೆರಳೆಣಿಕೆಯ ಜನ ಒಂದು ಊರೇ ಆಗಿಬಿಟ್ಟಿದ್ದಾರೆ. ಚಿತ್ರದಿಂದ ಒಂದೇ ದೃಶ್ಯವನ್ನು ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ದೋಷಗಳಿಲ್ಲವೆಂದಲ್ಲ. ಮೊದಲನೆಯದು ಮಾರ್ಟಿನ್ನನ ಹಿನ್ನೆಲೆ ಧ್ವನಿ. ಆರಂಭದಲ್ಲಿ ಅದು ಬೇಕು, ಏಕೆಂದರೆ ತೋರಿಸಲು ದುಡ್ಡಿಲ್ಲದ್ದನ್ನು ಹೇಳಲು ಅದೊಂದೇ ದಾರಿ. ಆದರೆ ಕಣ್ಣಿಗೆ ಕಾಣುತ್ತಿರುವುದನ್ನೂ ಆ ಧ್ವನಿ ಮತ್ತೆ ವಿವರಿಸತೊಡಗಿದಾಗ, ಪರೀಕ್ಷೆಯಲ್ಲಿ ಪಕ್ಕದವನು ಉತ್ತರ ಪಿಸುಗುಟ್ಟಿದ ಹಾಗೆ ಕಿರಿಕಿರಿಯಾಗುತ್ತದೆ. ಎರಡನೆಯ ದೋಷ ಹೆಚ್ಚು ಗಂಭೀರವಾದುದು. ಬ್ರದರ್‌ಹುಡ್‌ನ ನಾಯಕ ಜೆಬಡಾಯಾ ಲೋವೆನ್ ಪಾತ್ರವನ್ನು ಬ್ರಾಡ್‌ವೇ ರಂಗಭೂಮಿಯ ಮೈಕಲ್ ಸರ್ವೆರಿಸ್ ನುಣ್ಣಗಿನ ಕ್ರೌರ್ಯದಿಂದ ನಿರ್ವಹಿಸಿದ್ದಾರೆ. ಆ ನಾಯಕನ ಕತೆ ಮುಗಿಯಿತು ಎಂದುಕೊಂಡ ಮೇಲೆ ಚಿತ್ರ ಅವನನ್ನು ಕೊನೆಯ ಭಾಗದಲ್ಲಿ ಇನ್ನೊಂದು ಬಗೆಯಲ್ಲಿ ಕರೆದುತರುತ್ತದೆ. ಅಲ್ಲಿಯವರೆಗೆ ಗುರಿಯಿಲ್ಲದ, ಹೆಸರಿಲ್ಲದ, ಎಲ್ಲಿಂದಲಾದರೂ ಬರಬಹುದಾದ ಸಾವಿನ ಕತೆಯಾಗಿದ್ದದ್ದು ಒಮ್ಮೆಲೇ ನಾಯಕ ಮತ್ತು ಖಳನಾಯಕನ ಹಗೆಯ ಲೆಕ್ಕಾಚಾರವಾಗಿಬಿಡುತ್ತದೆ. ಮಾತೇ ಬರದ ಹಸಿವಿನ ಲೋಕದಲ್ಲಿ ಮಾತನಾಡುವ ವ್ಯಾಂಪೈರ್ ಬಂದೊಡನೆ ನಾನು ಸುಲಭವಾಗಿ ಉಸಿರಾಡತೊಡಗಿದೆ, ಏಕೆಂದರೆ ಮುಂದೇನಾಗುತ್ತದೆಂದು ನನಗೆ ಗೊತ್ತಾಗಿಹೋಗಿತ್ತು. ಹಾರರ್ ಚಿತ್ರವೊಂದು ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಪ್ರೇಕ್ಷಕನಿಗೆ ಕೊಡಬಾರದ ಸೌಕರ್ಯ ಅದು. ವಿಲ್ಲಿ ಮತ್ತು ಬೆಲ್ ಪಾತ್ರಗಳು ಗಟ್ಟಿಯಾಗುವ ಮೊದಲೇ ಕತೆ ಅವರನ್ನು ಬಳಸಿಕೊಂಡು ಮುಂದೆ ಹೋಗುವುದೂ ಕಣ್ಣಿಗೆ ಬೀಳುತ್ತದೆ. ಇದನ್ನು ಮೊದಲಿಗೆ ಅಂತರ್ಜಾಲದ ಕಿರುಕಂತುಗಳ ಸರಣಿಯಾಗಿ ಯೋಚಿಸಲಾಗಿತ್ತು. ಎದುರಾಗುವುದು, ಹೊಡೆದಾಡುವುದು, ಮುಂದಿನ ಊರಿಗೆ ಹೋಗುವುದು ಎಂಬ ಕಂತುಕಂತಾದ ಲಯ ಅಲ್ಲಿಂದಲೇ ಉಳಿದುಬಂದಿರಬೇಕು. ನನಗೆ ಆ ಲಯದಿಂದ ತೊಂದರೆಯಾಗಲಿಲ್ಲ, ಬಿಗಿಯಾದ ಕಟ್ಟು ಬಯಸುವವರಿಗೆ ಆಗಬಹುದು.

ಈ ಬಗೆಯ ಚಿತ್ರಗಳ ಮೂಲಪುರುಷ ಯಾರು ಎಂದು ಹುಡುಕುವವರು 1964ರ ‘ದಿ ಲಾಸ್ಟ್ ಮ್ಯಾನ್ ಆನ್ ಅರ್ತ್’ ನೋಡಬೇಕು. ರಿಚರ್ಡ್ ಮ್ಯಾಥೆಸನ್ ಅವರ 1954ರ ಕಾದಂಬರಿಯನ್ನು ಆಧರಿಸಿದ ಆ ಕಪ್ಪುಬಿಳುಪು ಚಿತ್ರದಲ್ಲಿ ವಿನ್ಸೆಂಟ್ ಪ್ರೈಸ್ ಹಗಲೆಲ್ಲ ಗೂಟ ಕೆತ್ತಿ, ಮಲಗಿರುವ ವ್ಯಾಂಪೈರ್‌ಗಳನ್ನು ಹುಡುಕಿ ಕೊಂದು, ರಾತ್ರಿ ಬಾಗಿಲಿಗೆ ಬೆಳ್ಳುಳ್ಳಿ ಮತ್ತು ಕನ್ನಡಿ ತೂಗುಹಾಕಿಕೊಂಡು ಒಳಗೆ ಕೂರುತ್ತಾನೆ. ಅದೂ ಸಣ್ಣ ಬಂಡವಾಳದ ಚಿತ್ರವೇ. ಅಮೆರಿಕದ ಕತೆಯನ್ನು ಇಟಲಿಯ ರೋಮ್ ನಗರದಲ್ಲಿ ಚಿತ್ರೀಕರಿಸಿದರು. ಬಿಳಿಯ ಕಮಾನುಗಳ ಖಾಲಿ ಬೀದಿಗಳೇ ಪ್ರಳಯವಾದವು. ಮ್ಯಾಥೆಸನ್ನರಿಗೆ ಅದು ಹಿಡಿಸದೆ ಚಿತ್ರಕತೆಯ ಮೇಲೆ ತಮ್ಮ ಹೆಸರಿನ ಬದಲು ಬೇರೊಂದು ಹೆಸರು ಹಾಕಿಸಿದರು. ನನಗೇನೋ ಹಿಡಿಸುತ್ತದೆ. ಅಮೆರಿಕದಲ್ಲಿ ಆ ಚಿತ್ರದ ಹಕ್ಕು ಸಾರ್ವಜನಿಕವಾಗಿರುವುದರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಎರಡನ್ನೂ ಒಂದರ ಹಿಂದೊಂದು ನೋಡಿದಾಗ ವ್ಯಾಂಪೈರ್ ಬೇಟೆ ಸಾಹಸವಾಗಿ ಕಾಣದೆ, ಬೆಳಗಾದರೆ ಮಾಡಲೇಬೇಕಾದ ಹೊಲಗೆಲಸದಂತೆ ಕಾಣುವುದು ಎರಡರಲ್ಲೂ ಒಂದೇ ಎಂದು ತಿಳಿಯುತ್ತದೆ.

ಇನ್ನು ನೋಡುವ ವ್ಯವಸ್ಥೆಯ ಮಾತು. ನಾನು ಮೊದಲು ನೋಡಿದ ಸ್ಟ್ರೀಮಿಂಗ್ ಪ್ರತಿಯಲ್ಲಿ ಚಿತ್ರವನ್ನು ಎಷ್ಟು ಹಿಂಡಿದ್ದರೆಂದರೆ ರಾತ್ರಿಯ ದೃಶ್ಯಗಳಲ್ಲಿ ಕಪ್ಪು ಬಣ್ಣ ಚೌಕ ಚೌಕವಾಗಿ ಒಡೆದು, ಕಾಡೂ ಆಕಾಶವೂ ಒಂದೇ ಕಂಬಳಿಯಾಗಿತ್ತು. ಮಾಡಿನ ಮೇಲೆ ಏನಿದೆ ಎಂದು ತಿಳಿಯಲು ಹಿಂದೆ ಹೋಗಿ ಎರಡು ಸಲ ನೋಡಬೇಕಾಯಿತು. ಅಷ್ಟರಲ್ಲಿ ಆ ದೃಶ್ಯದ ಪೆಟ್ಟು ತಪ್ಪಿಹೋಗಿತ್ತು. ಡಿಸ್ಕಿನಲ್ಲಿ ನೋಡಿದಾಗ ಅದೇ ಕತ್ತಲೆಯಲ್ಲಿ ನೀಲಿ, ಕಂದು, ಬೂದಿ ಎಂದು ಪದರಗಳಿರುವುದು ಗೊತ್ತಾಯಿತು. ಡಾರ್ಕ್ ಸ್ಕೈ ಫಿಲಂಸ್ ಹೊರತಂದ ಅಮೆರಿಕದ ಡಿಸ್ಕಿನಲ್ಲಿ ಚಿತ್ರತಂಡದ ವ್ಯಾಖ್ಯಾನ, ತಯಾರಿಕೆಯ ಸಾಕ್ಷ್ಯಚಿತ್ರ, ಜತೆಗೆ ಒಂದೊಂದು ಪಾತ್ರದ ಹಿಂದಿನ ಬದುಕನ್ನು ಹೇಳುವ ಕಿರುಚಿತ್ರಗಳಿವೆ. ಈ ಕಿರುಚಿತ್ರಗಳನ್ನು ಮುಖ್ಯ ಚಿತ್ರ ನೋಡಿದ ಮೇಲೆಯೇ ನೋಡಿ. ಮೊದಲೇ ನೋಡಿದರೆ ಮಿಸ್ಟರ್ ಸುತ್ತಲಿನ ಮುಸುಕು ಸರಿದುಬಿಡುತ್ತದೆ. ತರಿಸಿಕೊಳ್ಳುವವರು ಬ್ಲೂ-ರೇಯ ಪ್ರದೇಶ ಸಂಕೇತವನ್ನು ನೋಡಿಕೊಳ್ಳುವುದು ಕ್ಷೇಮ, ಏಕೆಂದರೆ ಅಮೆರಿಕ ‘ಎ’ ವಲಯದಲ್ಲಿದೆ, ಭಾರತ ‘ಸಿ’ ವಲಯದಲ್ಲಿದೆ, ಎಲ್ಲ ಪ್ಲೇಯರ್‌ಗಳೂ ಎರಡನ್ನೂ ಓದುವುದಿಲ್ಲ. ಮೊಬೈಲಿನಲ್ಲಿ, ಬಸ್ಸಿನಲ್ಲಿ ಕುಳಿತು ನೋಡುವ ಚಿತ್ರವಂತೂ ಇದಲ್ಲ.

2010ರ ಟೊರಾಂಟೊ ಚಿತ್ರೋತ್ಸವದ ‘ಮಿಡ್‌ನೈಟ್ ಮ್ಯಾಡ್‌ನೆಸ್’ ವಿಭಾಗದಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಇದಕ್ಕೆ ಬಂತು. ನಡುರಾತ್ರಿಯಲ್ಲಿ ಸೀಟಿ ಹೊಡೆಯಲು ಬರುವ ಜನ ಇಷ್ಟು ದುಃಖದ ಚಿತ್ರವನ್ನು ಆರಿಸಿದ್ದು ನನಗೆ ಖುಷಿ ಕೊಟ್ಟ ಸಂಗತಿ. ಆದರೆ 2016ರಲ್ಲಿ ಬಂದ ಮುಂದುವರಿದ ಭಾಗವನ್ನು ಶಿಫಾರಸು ಮಾಡಲಾರೆ. ಡಮೀಚಿಯೇ ಬರೆದಿದ್ದಾರೆ, ಪಾವೊಲೊ ಕೂಡ ಮರಳಿದ್ದಾರೆ, ನಿರ್ದೇಶಕರು ಮಾತ್ರ ಬೇರೆಯವರು, ಡ್ಯಾನ್ ಬರ್ಕ್ ಮತ್ತು ರಾಬರ್ಟ್ ಓಲ್ಸನ್. ಗೂಟ ಅದೇ, ಕೋಟು ಅದೇ. ಮೊದಲ ಭಾಗದಲ್ಲಿ ಹೊಡೆದಾಟಗಳ ನಡುವೆ ಉಳಿಸಿಟ್ಟಿದ್ದ ಆ ಉದ್ದುದ್ದ ಸಂಜೆಗಳು ಇಲ್ಲ. ಮೊದಲನೆಯದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿದ ಒಂದು ಅಂಕ ಆ ಮಾತನಾಡುವ ವ್ಯಾಂಪೈರಿನ ಪಾಲಿನದು.